ಹುಣಸೆ ಬೀಜದ ಪರೀಕ್ಷೆ

ಚಾಮರಾಜಪುರದ ನಮ್ಮ ಮನೆಯಲ್ಲಿ ಆ ದಿನ ಏನು ಅಡುಗೆ ಎಂಬುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ನಾವು ಡಂಗುರ ಹೊಡೆಸುತ್ತಿರಲಿಲ್ಲ, ಅಷ್ಟೇ. ಬೆಳಿಗ್ಗೆ ನಾನು ಅಡುಗೆಮನೆಯಿಂದ "ಅತ್ತೇ, ಹುರುಳಿಕಾಯಿ ಪಲ್ಯ ಮಾಡ್ಲೋ, ಬದನೆಕಾಯಿ ಎಣ್ಣೆಗಾಯಿ ಮಾಡ್ಲೋ?" ಎಂದು ಕೂಗಿದರೆ, ನಡುಮನೆಯಲ್ಲಿ ಕೂತಿದ್ದ ಅತ್ತೆಗಿಂತ ಮೊದಲು ಎದುರುಮನೆಯಾಕೆ ಉತ್ತರ ಕೊಡುತ್ತಿದ್ದರು. "ಎಣ್ಣೆಗಾಯೇ ಮಾಡಿ ಕಣ್ರೀ, ನಮಗೂ ಒಂದು ಬಟ್ಟಲು ಕಳಿಸಿ!" ಅತ್ತೆ ಮಾತ್ರ ಆಮೇಲೆ ನಿಧಾನವಾಗಿ ಬಾಗಿಲಿಗೆ ಬಂದು, "ಏನೋ ಗೊಣಗಿದೆಯಲ್ಲ, ಏನದು?" ಎನ್ನುತ್ತಿದ್ದರು.

ಅತ್ತೆಗೆ ಕಿವಿ ಮಂದವಾಗಿ ಇಪ್ಪತ್ತು ವರ್ಷವಾಗಿತ್ತು. ಹಾಗಂತ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಅವರ ಪ್ರಕಾರ ಅವರ ಕಿವಿ ಚೆನ್ನಾಗಿಯೇ ಇತ್ತು. ಲೋಕದ ಜನರೇ ಒಬ್ಬೊಬ್ಬರಾಗಿ ಬಾಯೊಳಗೆ ಮಾತಾಡುವ ಚಾಳಿ ಕಲಿತಿದ್ದರು. ದೇವರ ಪೂಜೆಗೆ ಕೂತ ಮಗನಿಗೆ, "ಗಂಟೆ ಬಾರಿಸೋಕೂ ಸೋಮಾರಿತನವೇನೋ ನಿನಗೆ?" ಎಂದು ದಿನವೂ ಬೈಗುಳ. ಇವರು, ಅಂದರೆ ನನ್ನ ಯಜಮಾನರು, ಕೈ ಸೋಲುವ ತನಕ ಗಂಟೆ ಬಾರಿಸುತ್ತಿದ್ದರು. ನಮ್ಮ ಮಾವನವರು ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿದವರಂತೆ. ಅಂಥ ಮನೆಯ ಸೊಸೆಯಾಗಿ ತಲೆಯೆತ್ತಿ ಬಾಳಿದ ಹೆಂಗಸಿಗೆ ಕಿವಿ ಕೇಳುವುದಿಲ್ಲ ಎಂದರೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ಅವರ ಮರ್ಯಾದೆ ಉಳಿಸಲು ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದೆವು.

ನಾನು ಹುಟ್ಟಿ ಬೆಳೆದದ್ದು ಜಯಲಕ್ಷ್ಮಿಪುರದಲ್ಲಿ, ಪಿಸುಮಾತಿನ ಮನೆಯಲ್ಲಿ. ನಮ್ಮಪ್ಪ ಊಟಕ್ಕೆ ಕೂತು ಉಪ್ಪು ಕೇಳಿದರೂ ಗುಟ್ಟು ಹೇಳಿದ ಹಾಗಿರುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರ ನಾನು ಅದೇ ದನಿಯಲ್ಲಿ ಮಾತಾಡಿದೆ. ಎಂಟನೆಯ ದಿನ ಅತ್ತೆ ಮಗನನ್ನು ಪಕ್ಕಕ್ಕೆ ಕರೆದು, ಇಡೀ ಬೀದಿಗೆ ಕೇಳುವಂತೆ, "ಹುಡುಗಿ ಲಕ್ಷಣವಾಗಿದಾಳೆ, ಆದರೆ ಬಾಯೇ ಇಲ್ಲವಲ್ಲೋ!" ಎಂದು ಮರುಗಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿ ಇದೆಯೋ ಇಲ್ಲವೋ ತೋರಿಸುತ್ತೇನೆ ಇರು ಅಂತ ಅವತ್ತೇ ಶುರು ಮಾಡಿದೆ. ಮೂರು ತಿಂಗಳಲ್ಲಿ ನನ್ನ ದನಿ ಆ ಮನೆಯವರೆಲ್ಲರ ದನಿಯನ್ನೂ ಮೀರಿತು. ತವರಿಗೆ ಹೋದಾಗ ಅಪ್ಪ ಬೆಚ್ಚಿ, "ನಿನ್ನನ್ನು ಕೊಟ್ಟದ್ದು ಮನೆಗೋ, ಸಂತೆಗೋ?" ಎಂದು ಕೇಳಿದ್ದರು.

ನಮಗೆ ಒಬ್ಬಳೇ ಮಗಳು. ಅರವತ್ತರ ದಶಕ ಅರ್ಧ ದಾಟಿತ್ತು, ಅವಳಿಗೆ ಐದು ತುಂಬಿತ್ತು. ಬಲು ಚುರುಕು. ನಾನು ಹುಬ್ಬು ಗಂಟು ಹಾಕಿದರೆ ಸಾಕು, ತಟ್ಟೆಯಲ್ಲಿ ಬಿಟ್ಟ ಅನ್ನ ಮಾಯವಾಗುತ್ತಿತ್ತು. ಮಾತು ಮಾತ್ರ ಸ್ವಲ್ಪ ತೊದಲು. ‘ಸ’ ಎಂಬ ಅಕ್ಷರ ಅವಳ ನಾಲಿಗೆಗೆ ಬರುತ್ತಲೇ ಇರಲಿಲ್ಲ. ಸೌತೆಕಾಯಿ ಔತೆಕಾಯಿ ಆಗುತ್ತಿತ್ತು, ಸೈಕಲ್ಲು ಐಕಲ್ಲು. ಬಂದವರೆಲ್ಲ ಅವಳ ಬಾಯಲ್ಲಿ ಔತೆಕಾಯಿ ಹೇಳಿಸಿ ಕೆನ್ನೆ ಹಿಂಡಿ ಹೋಗುತ್ತಿದ್ದರು. ಅತ್ತೆ ದಿನಾ ಬೆಳಿಗ್ಗೆ ಜೇನುತುಪ್ಪದಲ್ಲಿ ಬಜೆ ಬೇರು ತೇದು ಅವಳ ನಾಲಿಗೆಗೆ ಹಚ್ಚುತ್ತಿದ್ದರು. "ಇವಳಪ್ಪನೂ ಹೀಗೇ ಇದ್ದ. ಏಳು ವರ್ಷಕ್ಕೆ ಸರಿಹೋದ. ಈಗ ನೋಡು, ಕಾಲೇಜಲ್ಲಿ ಪಾಠ ಹೇಳ್ತಾನೆ" ಎನ್ನುತ್ತಿದ್ದರು. ನಾನೂ ನಂಬಿಕೊಂಡು ಹಾಯಾಗಿದ್ದೆ.

ಮೊದಲು ಎಚ್ಚರಿಸಿದ್ದು ಮೊಸರಿನವಳು. ಮಂಡಕಳ್ಳಿಯಿಂದ ತಲೆಯ ಮೇಲೆ ಮಡಕೆ ಹೊತ್ತು ದಿನ ಬೆಳಗಾದರೆ ಬರುತ್ತಿದ್ದ, ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ಐದು ಮಕ್ಕಳನ್ನು ಹೆತ್ತು ಸಾಕಿದವಳು. ಒಂದು ದಿನ ಹಿತ್ತಲಲ್ಲಿ ಮೊಸರು ಅಳೆದು ಹಾಕುತ್ತಾ, ಬೆನ್ನು ತಿರುಗಿಸಿ ಮಣ್ಣಿನಲ್ಲಿ ಆಡುತ್ತಿದ್ದ ನನ್ನ ಮಗಳನ್ನೇ ನೋಡುತ್ತಿದ್ದಳು.

"ಅವ್ವಾ, ಒಂದ್ ಮಾತ್ ಏಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ಈ ಕೂಸ್ನ ಇಂದ್ಗಡೆಯಿಂದ ಕರೆದ್ರೆ ತಿರುಗಾಕಿಲ್ಲ ಕಣವ್ವ. ಮುಂದೆ ಬಂದು ನಿಂತ್ರೆ ನಗ್ತದೆ. ನಾನೂ ನಾಕು ದಿನದಿಂದ ನೋಡ್ತಾವ್ನಿ. ಕಿವಿ ಒಸಿ ತೋರ್ಸಿ."

ಕೋಪ ಮಾಡಿಕೊಳ್ಳಬೇಡಿ ಎಂದು ಹೇಳಿದರೆ ನನಗೆ ಕೋಪ ಬರದೆ ಇರುತ್ತದೆಯೇ? "ನಿನಗೇನು ಗೊತ್ತೇ ಮಗೂನ ವಿಷಯ? ಮೊಸರು ಕೊಡೋಕೆ ಬಂದವಳು ಮೊಸರು ಕೊಟ್ಟು ಹೋಗು. ನಮ್ಮ ಮನೆ ಮಗೂಗೆ ಕಿವುಡು ಅಂತ ಊರೆಲ್ಲ ಸಾರ್ಕೊಂಡು ಬರ್ತೀಯೋ? ನಾಳೆಯಿಂದ ಈ ಕಡೆ ತಲೆ ಹಾಕಬೇಡ!" ಎಂದೆ. ನಮ್ಮ ಮನೆಯ ದನಿಯಲ್ಲಿ ಎಂದೆ ಅಂತ ಬೇರೆ ಹೇಳಬೇಕೇ? ಊರೆಲ್ಲ ಸಾರುವ ಕೆಲಸವನ್ನು ನಾನೇ ಮಾಡಿದಂತಾಯಿತು. ಅವಳು ಮಡಕೆ ಎತ್ತಿಕೊಂಡು ಹೋದಳು. ಆಮೇಲೆ ನಾಲ್ಕು ದಿನ ಅಂಗಡಿಯ ನೀರು ಮೊಸರು ತಿಂದೆವು.

ಐದನೆಯ ದಿನ, ಜೂನ್ ತಿಂಗಳ ಒಂದು ಸೋಮವಾರ, ಮಗಳನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದೆ. ಎರಡು ಜಡೆ, ಹೊಸ ಲಂಗ, ಹಣೆಗೆ ಸಾದಿನ ಕಪ್ಪು ಬೊಟ್ಟು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಬಡಕಲು ದೇಹದ ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ, ಕಣ್ಣು ರಿಜಿಸ್ಟರಿನಲ್ಲಿ. ದನಿಯಂತೂ ನಮ್ಮಪ್ಪನಿಗಿಂತ ಮೆತ್ತಗೆ. ಆಕೆಯ ಮಾತು ಕೇಳಲು ದೊಡ್ಡವರೂ ಮೇಜಿನ ಮೇಲೆ ಬಾಗಬೇಕಾಗಿತ್ತು.

ಆಗ ಎಷ್ಟೋ ಮಕ್ಕಳಿಗೆ ಹುಟ್ಟಿದ ದಿನದ ಕಾಗದವೇ ಇರುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ಎಟುಕಿದರೆ ಶಾಲೆಗೆ ಸೇರುವ ವಯಸ್ಸಾಯಿತು ಎಂದರ್ಥ. ಎಟುಕದಿದ್ದರೆ ಮುಂದಿನ ವರ್ಷ. ಕಿವಿ ಕೈಗೆ ಸಿಗುತ್ತದೆಯೇ ಎಂದು ನೋಡುತ್ತಿದ್ದರೇ ಹೊರತು ಆ ಕಿವಿಗೆ ಕೇಳುತ್ತದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಸಾಲಿನಲ್ಲಿ ನಮ್ಮ ಮುಂದೆ ಆರೇಳು ಮಕ್ಕಳಿದ್ದರು. ಎಲ್ಲರೂ ಹೋಗಿ ಕಿವಿ ಮುಟ್ಟುವುದನ್ನು ನನ್ನ ಮಗಳು ಕಣ್ಣರಳಿಸಿ ನೋಡಿದಳು. ತನ್ನ ಸರದಿ ಬಂದದ್ದೇ ತಡ, ಯಾರೂ ಕೇಳುವ ಮೊದಲೇ ಕೈ ಬಳಸಿ ಕಿವಿ ಹಿಡಿದು ನಿಂತಳು.

"ಜಾಣೆ" ಎಂದು ಆಕೆ ನಕ್ಕು, ರಿಜಿಸ್ಟರಿನ ಕಡೆಗೆ ತಲೆ ಬಗ್ಗಿಸಿ ಕೇಳಿದರು, "ನಿನ್ನ ಹೆಸರೇನಮ್ಮ?"

ಮಗಳು ಮತ್ತೆ ಕಿವಿ ಮುಟ್ಟಿದಳು.

"ಆಯ್ತು, ಆಯ್ತು. ಹೆಸರು ಹೇಳು."

ಈ ಸಲ ಎಡಗೈಯಿಂದ ಬಲಗಿವಿ ಮುಟ್ಟಿದಳು. ಹಿಂದೆ ನಿಂತಿದ್ದ ತಾಯಂದಿರು ಕಿಸಕ್ಕನೆ ನಕ್ಕರು. "ನಿಮ್ಮ ಮನೆ ಎಲ್ಲಿ?" ಎಂದರೆ ಕಿವಿ. "ಒಂದರಿಂದ ಹತ್ತು ಹೇಳು" ಎಂದರೆ ಎರಡೂ ಕೈ ತಲೆಯ ಮೇಲೆ, ಎರಡೂ ಕಿವಿ. ನಗು ಜೋರಾಯಿತು. ನಾನೂ ನಕ್ಕೆ. ಹೌದು, ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮುಖ್ಯೋಪಾಧ್ಯಾಯಿನಿ ನಗಲಿಲ್ಲ. "ಇನ್ನೊಂದು ವರ್ಷ ಮನೇಲೇ ಇರಲಿ. ಮಗೂಗೆ ಬುದ್ಧಿ ಇನ್ನೂ ಬಲಿತಿಲ್ಲ ಅನ್ಸತ್ತೆ" ಎಂದರು.

ನನ್ನ ಮೈ ಉರಿದುಹೋಯಿತು. "ಏನಂದ್ರಿ? ನನ್ನ ಮಗಳಿಗೆ ಬುದ್ಧಿ ಇಲ್ವೇ? ಇಡೀ ಮನೇನ ಬೆರಳ ತುದೀಲಿ ಕುಣಿಸ್ತಾಳೆ ಇವಳು! ಪುಟ್ಟೀ, ನಿನ್ನ ಹೆಸರೇನೇ?" ಎಂದು ಅಬ್ಬರಿಸಿದೆ. ಪಕ್ಕದ ಕೊಠಡಿಯಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳು ಗಪ್‌ಚಿಪ್ಪಾದರು. ಮಗಳು ನನ್ನ ಕಡೆ ತಿರುಗಿ ಠಣ್ಣನೆ ಹೆಸರು ಹೇಳಿದಳು. "ಮನೆ ಎಲ್ಲೇ?" ಚಾಮರಾಜಪುರ. "ಒಂದರಿಂದ ಹತ್ತು ಹೇಳೇ!" ಹೇಳಿದಳು, ಹತ್ತಕ್ಕೆ ನಿಲ್ಲದೆ ಇಪ್ಪತ್ತರ ತನಕ ಓಡಿದಳು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ, ಈಗೇನಂತೀರಿ ಎಂಬಂತೆ ನಿಂತೆ.

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಮಗು ಹತ್ರ ಯಾವಾಗ್ಲೂ ಇಷ್ಟು ಜೋರಾಗಿ ಮಾತಾಡ್ತೀರಾ?"

"ನಮ್ಮನೇಲಿ ಎಲ್ಲಾರೂ ಹೀಗೇ ಮಾತಾಡೋದು."

"ಈಗ ಅದನ್ನೇ ಮೆಲ್ಲಗೆ ಕೇಳಿ ನೋಡೋಣ. ಅವಳ ಹಿಂದೆ ನಿಂತ್ಕೊಂಡು ಕೇಳಿ."

ನಾನು ಅವಳ ಬೆನ್ನ ಹಿಂದೆ ಹೋಗಿ, ತವರಿನ ದನಿಯಲ್ಲಿ, "ಪುಟ್ಟೀ, ನಿನ್ನ ಹೆಸರೇನು?" ಎಂದೆ. ಅವಳು ಅಲುಗಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮುಖವನ್ನೇ ನೋಡುತ್ತಾ ಒಂದು ಕ್ಷಣ ಯೋಚಿಸಿದಳು. ಏನೋ ಕೇಳುತ್ತಿದ್ದಾರೆ ಎಂದು ಹೊಳೆದಿರಬೇಕು, ಪಾಪ, ಮತ್ತೆ ಕೈ ಬಳಸಿ ಕಿವಿ ಹಿಡಿದಳು. ನನಗೆ ಮೊಸರಿನವಳ ಮುಖ ಕಣ್ಣ ಮುಂದೆ ಬಂತು. ಹೆತ್ತ ತಾಯಿಗೆ ಐದು ವರ್ಷ ಗೊತ್ತಾಗದೆ ಇದ್ದದ್ದು ಅವಳಿಗೆ ನಾಲ್ಕು ದಿನದಲ್ಲಿ ಗೊತ್ತಾಗಿತ್ತು.

ಆಮೇಲೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ವಿವರಿಸಿದರು. ಮಕ್ಕಳ ಕಿವಿ, ಮಾತು ಪರೀಕ್ಷೆ ಮಾಡುವ ಜಾಗವೊಂದು ಊರಿನಲ್ಲಿ ಹೊಸದಾಗಿ ಶುರುವಾಗಿದೆ, ಶಾಲೆಗೆ ಸೇರುವ ಮೊದಲೇ ತೋರಿಸಿದರೆ ಒಳ್ಳೆಯದೆಂದು ಅಲ್ಲಿನವರು ಬಂದು ಹೇಳಿ ಹೋಗಿದ್ದಾರೆ ಎಂದರು. "ಶನಿವಾರ ರಿಜಿಸ್ಟರು ಮುಚ್ತೀವಿ. ಅಷ್ಟರೊಳಗೆ ಅವರ ಕಾಗದ ತನ್ನಿ. ಅದನ್ನ ನೋಡಿ ಸೇರಿಸ್ಕೋಬಹುದೋ ಇಲ್ವೋ ಹೇಳ್ತೀನಿ. ನಾನೇನೂ ಮಾತು ಕೊಡಲ್ಲ ಅಮ್ಮ" ಎಂದರು. ಇಲ್ಲ ಎಂದುಬಿಟ್ಟರೆ? ಒಮ್ಮೆ ದಡ್ಡಿ ಎಂದು ಹೆಸರು ಬಿದ್ದರೆ ಆ ಬೀದಿಯಲ್ಲಿ ಅದು ಹೋಗುವಂತಿರಲಿಲ್ಲ. ಮದುವೆಯ ಮಾತು ಬಂದಾಗಲೂ ಅದನ್ನೇ ಎತ್ತುತ್ತಾರೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೇ.

ಮನೆಗೆ ಬಂದು ವಿಷಯ ಹೇಳಿದೆ. ಇವರು ಸಪ್ಪೆ ಮುಖ ಮಾಡಿಕೊಂಡು ಕೂತುಬಿಟ್ಟರು. ಅತ್ತೆಗೆ ಹೇಳಲು ಮೂರು ಸಲ ಕಿರುಚಬೇಕಾಯಿತು. ಅದು ಅರ್ಥವಾದ ಮೇಲೆ ಅವರ ಅವತಾರ ನೋಡಬೇಕಿತ್ತು.

"ನನ್ನ ಮೊಮ್ಮಗಳಿಗೆ ಕಿವಿ ಕೇಳಲ್ವೇ? ನನಗೇ ಕೇಳಲ್ಲ ಅಂದ ಹಾಗಾಯ್ತಲ್ಲೇ ಇದು! ಆ ಹೆಂಗಸು ಬಾಯೊಳಗೇ ಮಾತಾಡಿರ್ತಾಳೆ. ನಾನೇ ಬರ್ತೀನಿ ನಡಿ ಆ ಪರೀಕ್ಷೆಯೋರ ಹತ್ರ. ಒಂದು ಕೈ ನೋಡೇಬಿಡ್ತೀನಿ."

ಮಾರನೆಯ ದಿನ ಬೆಳಿಗ್ಗೆ ನಾನು ಗೇಟಿನಲ್ಲಿ ಕಾದು ನಿಂತೆ. ಮೊಸರಿನವಳು ನಮ್ಮ ಮನೆ ಬಿಟ್ಟು ಆಚೆ ಮನೆಗೆ ಹೋಗುತ್ತಿದ್ದಳು. ಓಡಿ ಹೋಗಿ ಅವಳ ಕೈ ಹಿಡಿದುಕೊಂಡೆ. "ನಿನ್ನ ಮಾತೇ ನಿಜ ಕಣಮ್ಮ. ನಾನು ಬಾಯಿಗೆ ಬಂದ ಹಾಗೆ ಅಂದ್ಬುಟ್ಟೆ, ಮನಸ್ಸಿಗೆ ಹಚ್ಕೋಬೇಡ" ಎಂದೆ. ಅವಳು ಮಡಕೆ ಕೆಳಗಿಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಬುಡಿ ಅವ್ವ. ನಿಮ್ಮ ಬೈಗುಳ ಬೀದೀಗೆಲ್ಲ ಕೇಳ್ತದೆ, ಒಬ್ರೂ ತಲೆಗೆ ಆಕ್ಕೊಳ್ಳಾಕಿಲ್ಲ. ಮೊಸರು ಎಷ್ಟು ಆಕ್ಲಿ ಏಳಿ" ಎಂದಳು. ನಾನು ಅಳುತ್ತಳುತ್ತಲೇ ನಕ್ಕೆ.

ಗುರುವಾರ ಜಟಕಾ ಕಟ್ಟಿಸಿಕೊಂಡು ಹೊರಟೆವು. ನಾನು, ಅತ್ತೆ, ನಡುವೆ ಮಗಳು. ಇವರಿಗೆ ಕಾಲೇಜಿತ್ತು. ದಾರಿಯಲ್ಲಿ ಅತ್ತೆ ಜಟಕಾದವನಿಗೂ ವಿಷಯವೆಲ್ಲ ಹೇಳಿದರು. ಕುದುರೆ ಎರಡು ಸಲ ಬೆದರಿತು. ಆ ಜಾಗ ಒಂದು ಹಳೆಯ ಬಂಗಲೆ. ಪರೀಕ್ಷೆಯ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದರು, ನೆಲಕ್ಕೆ ನಾರಿನ ಚಾಪೆ. ಬಾಗಿಲು ಹಾಕಿಕೊಂಡರೆ ಹೊರಗಿನ ಕಾಗೆಯ ಕೂಗೂ ಕೇಳುತ್ತಿರಲಿಲ್ಲ. ಪರೀಕ್ಷೆ ಮಾಡುವವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ನೂಲಿನ ಸೀರೆ, ಮೇಲೊಂದು ಬಿಳಿ ಕೋಟು. ಅತ್ತೆ ಮೊದಲು ಅವಳನ್ನೇ ಪರೀಕ್ಷೆ ಮಾಡಿದರು. ಯಾವ ಊರು, ಅಪ್ಪ ಏನು ಮಾಡುತ್ತಾರೆ, ಮದುವೆ ಯಾಕೆ ಆಗಿಲ್ಲ. ಅವಳು ನಗುತ್ತಾ ಎಲ್ಲಕ್ಕೂ ಉತ್ತರ ಕೊಟ್ಟಳು. ಅತ್ತೆ ಅವಳ ತುಟಿಯನ್ನೇ ನೋಡುತ್ತಾ ತಲೆದೂಗಿದರು.

ಮಗಳ ಮುಂದೆ ಒಂದು ತಗಡಿನ ಡಬ್ಬಿ ಇಟ್ಟು, ಕೈಗೆ ಒಂದು ಹಿಡಿ ಹುಣಸೆ ಬೀಜ ಕೊಟ್ಟಳು ಹುಡುಗಿ. ಸದ್ದು ಕೇಳಿಸಿದಾಗಲೆಲ್ಲ ಒಂದು ಬೀಜ ಡಬ್ಬಿಗೆ ಹಾಕಬೇಕು, ಕೇಳಿಸದಿದ್ದರೆ ಹಾಕಬಾರದು. ಇಷ್ಟೇ ಆಟ. ಪಕ್ಕದಲ್ಲಿ ಕೂತು ತಮಟೆ ಬಡಿದಳು, ಬೀಜ ಬಿತ್ತು. ಚಪ್ಪಾಳೆ ತಟ್ಟಿದಳು, ಬಿತ್ತು. ಗಿಲಕಿ ಆಡಿಸಿದಳು, ಬಿತ್ತು. ನಾನು ಉಸಿರು ಬಿಟ್ಟೆ. ಅತ್ತೆ ನನ್ನ ಪಕ್ಕೆಗೆ ತಿವಿದು, "ನಾನು ಹೇಳಲಿಲ್ವೇ?" ಎಂದರು.

ಹುಡುಗಿ ಮತ್ತೆ ಗಿಲಕಿಗೆ ಕೈ ಹಾಕಿ, ಎತ್ತಿ, ಆಡಿಸದೆ ಸುಮ್ಮನೆ ಹಿಡಿದುಕೊಂಡಳು. ಆಗಲೂ ಬೀಜ ಬಿತ್ತು! ಇನ್ನೊಮ್ಮೆ ಬರೀ ಭುಜ ಅಲುಗಿಸಿದಳು, ಬಿತ್ತು. ಹುಡುಗಿ ಜೋರಾಗಿ ನಕ್ಕುಬಿಟ್ಟಳು. "ಅಮ್ಮ, ಈ ಮಗು ದಡ್ಡಿ ಎಂದು ಯಾರು ಹೇಳಿದ್ದು? ಇವಳು ನನ್ನ ಕಣ್ಣು, ಕೈ, ಭುಜ ಎಲ್ಲ ಓದುತ್ತಿದ್ದಾಳೆ. ಇಲ್ಲಿಗೆ ಬಂದ ಮಕ್ಕಳಲ್ಲಿ ಇಷ್ಟು ಚೆನ್ನಾಗಿ ನನಗೆ ಮೋಸ ಮಾಡಿದವರು ಇನ್ನೊಬ್ಬರಿಲ್ಲ."

ಆ ಮಾತು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಮೋಸಗಾರ್ತಿಯಾದರೂ ಪರವಾಗಿಲ್ಲ, ದಡ್ಡಿಯಲ್ಲವಲ್ಲ! ಆದರೆ ಹುಡುಗಿ ಎದ್ದು ಮಗಳ ಬೆನ್ನ ಹಿಂದೆ ಹೋದಳು. ಕೋಟಿನ ಜೇಬಿನಿಂದ ಒಂದು ಪುಟ್ಟ ಗಂಟೆ ತೆಗೆದು ಬಾರಿಸಿದಳು. ಸಣ್ಣಗೆ, ಇಂಪಾಗಿ ಕೇಳಿಸಿತು ನನಗೆ. ಮಗಳ ಕೈಯಲ್ಲಿ ಬೀಜ ಹಾಗೇ ಇತ್ತು. ಮತ್ತೆ ಬಾರಿಸಿದಳು, ಮತ್ತೆ. ಮಗಳು ಡಬ್ಬಿಯನ್ನೇ ನೋಡುತ್ತಾ, ಆಟ ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಾ ಕೂತಿದ್ದಳು. ನಾನು ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡೆ.

ಅಷ್ಟರಲ್ಲಿ ಅತ್ತೆ ಎದ್ದು ನಿಂತರು. "ಏನಮ್ಮಾ ಇದು ಅನ್ಯಾಯ? ಆ ಗಂಟೆಗೆ ನಾಲಿಗೇನೇ ಇಲ್ಲವಲ್ಲ! ಖಾಲಿ ಗಂಟೆ ಅಲ್ಲಾಡಿಸಿದರೆ ಮಗು ಏನು ಕೇಳಿಸ್ಕೊಳ್ಳತ್ತೆ?"

ಹುಡುಗಿ ಅತ್ತೆಯ ಹತ್ತಿರ ಬಂದು ಗಂಟೆಯನ್ನು ಅವರ ಅಂಗೈಯಲ್ಲಿಟ್ಟಳು. ಅತ್ತೆ ಅದನ್ನು ಮಗುಚಿ ನೋಡಿದರು. ನಾಲಿಗೆ ಇತ್ತು. ಬೆರಳಿನಿಂದ ಅದನ್ನು ಮುಟ್ಟಿದರು. ಆಮೇಲೆ ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಒಂದು ಸಲ, ಎರಡು ಸಲ. ಬೆರಳಿಗೆ ಅದುರಿದ್ದು ಗೊತ್ತಾಗಿರಬೇಕು; ಕಿವಿಗೆ ಗೊತ್ತಾಗಲಿಲ್ಲ. ಅವರ ಮುಖ ನೋಡಲಾಗದೆ ನಾನು ಚಾಪೆ ನೋಡುತ್ತಾ ಕೂತೆ. ಇಪ್ಪತ್ತು ವರ್ಷ ನಾವೆಲ್ಲ ಕಿರುಚಿ ಕಿರುಚಿ ಅವರಿಗೆ ಗೊತ್ತಾಗದಂತೆ ಮಾಡಿದ್ದೆವು. ಅವರ ಮೇಲೆ ಅಂಥ ಅಕ್ಕರೆ ಉಕ್ಕಿದ್ದು ನನಗೆ ಅದೇ ಮೊದಲು. ಅತ್ತೆ ಗಂಟೆಯನ್ನು ವಾಪಸು ಕೊಟ್ಟು, ಬೆಂಚಿನ ಮೇಲೆ ಕೂತರು.

ಇನ್ನು ಯಂತ್ರದ ಪರೀಕ್ಷೆ ಉಳಿದಿತ್ತು. ಮೇಜಿನ ಮೇಲೆ ತಿರುಪುಗಳಿದ್ದ ಒಂದು ಪೆಟ್ಟಿಗೆ, ಅದಕ್ಕೆ ತಂತಿಯಿಂದ ಜೋಡಿಸಿದ ಎರಡು ಕಪ್ಪು ಕಿವಿಮುಚ್ಚಳ. ತಲೆಗೆ ಹಾಕಿಕೊಂಡರೆ ಒಂದೊಂದು ಕಿವಿಗೆ ಒಂದೊಂದು ಸದ್ದು ಬರುತ್ತದಂತೆ. ಅದಾದರೆ ಮಾತ್ರ ಕಾಗದ. ಮಗಳು ಅದನ್ನು ಕಂಡದ್ದೇ ಚಿಟಾರನೆ ಚೀರಿ ಮೇಜಿನ ಕೆಳಗೆ ಸೇರಿಕೊಂಡಳು. ಪೆಪ್ಪರಮಿಂಟು ಆಸೆ ತೋರಿಸಿದೆ, ಹುಬ್ಬು ಗಂಟು ಹಾಕಿದೆ, ಗದರಿದೆ. ಊಹೂಂ. ಹುಡುಗಿ ಗಡಿಯಾರ ನೋಡಿದಳು. ಹೊರಗೆ ಬೇರೆ ಮಕ್ಕಳು ಕಾಯುತ್ತಿದ್ದರು. "ಮುಂದಿನ ವಾರ ಕರೆತನ್ನಿ ಅಮ್ಮ" ಎಂದಳು. ಮುಂದಿನ ವಾರಕ್ಕೆ ನಾವೇನು ಮಾಡುವುದು, ರಿಜಿಸ್ಟರು ಮುಚ್ಚುವುದು ಶನಿವಾರ! ನಾನು ಆ ಹುಡುಗಿಯ ಕೈ ಹಿಡಿದು ಅಂಗಲಾಚಿದೆ.

ಅತ್ತೆ ಬೆಂಚಿನಿಂದ ಎದ್ದರು. ಸೀದಾ ಹೋಗಿ ಮಕ್ಕಳ ಆ ಗಿಡ್ಡ ಕುರ್ಚಿಯಲ್ಲಿ, ಮಂಡಿ ಎದೆಗೆ ಬರುವ ಹಾಗೆ ಕೂತರು. "ಹಾಕಮ್ಮ ನನಗೆ ಮೊದಲು. ಬೀಜ ಕೊಡು" ಎಂದರು.

ಹುಡುಗಿ ಅವರ ತಲೆಗೆ ಕಿವಿಮುಚ್ಚಳ ತೊಡಿಸಿ, ತನ್ನ ಕೈ ಕಾಣದ ಹಾಗೆ ನಡುವೆ ಒಂದು ರಟ್ಟು ನಿಲ್ಲಿಸಿದಳು. ಮೇಜಿನ ಕೆಳಗಿನಿಂದ ಒಂದು ತಲೆ ಮೆಲ್ಲಗೆ ಹೊರಗೆ ಬಂತು. ಅಜ್ಜಿ ಬೀಜ ಹಿಡಿದು ಕೂತದ್ದು ಕಂಡು ಮಗಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಹುಡುಗಿಯ ಪಕ್ಕ ನಿಂತಳು. ಅಲ್ಲಿಂದ ಗುಂಡಿ ಒತ್ತುವ ಬೆರಳು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಮೊದಮೊದಲು ದೊಡ್ಡ ಸದ್ದಿಗೆ ಅತ್ತೆ ಒಂದೆರಡು ಬೀಜ ಹಾಕಿದರು. ಆಮೇಲೆ ಬೆರಳು ಒತ್ತುತ್ತಲೇ ಇತ್ತು, ಅತ್ತೆ ಸುಮ್ಮನೇ ಕೂತಿದ್ದರು. ಮಗಳಿಗೆ ಸಂಕಟವಾಯಿತು. ಅಜ್ಜಿ ಸೋಲುತ್ತಿದ್ದಾರಲ್ಲ! ರಟ್ಟಿನ ಆಚೆಗೆ ಮುಖ ಚಾಚಿ, ಹಾಕು ಹಾಕು ಎಂದು ಕಣ್ಣು ಮಿಟುಕಿಸಿದಳು, ಕೈಸನ್ನೆ ಮಾಡಿದಳು.

ಅತ್ತೆ ಅವಳನ್ನು ನೋಡಿದರು. ಬೀಜ ಹಿಡಿದ ಕೈ ಡಬ್ಬಿಯ ಮೇಲೆ ಬಂತು. ಅಲ್ಲೇ ನಿಂತಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಬಂಗಲೆಗೆಲ್ಲ ಕೇಳುವಂತೆ ಹೇಳಿದರು.

"ಸುಮ್ನಿರೇ ಪುಟ್ಟಿ. ನನಗೆ ಕೇಳಿಸ್ಲಿಲ್ಲ. ಕೇಳಿಸ್ದೆ ಇದ್ರೆ ಕೇಳಿಸ್ಲಿಲ್ಲ ಅನ್ಬೇಕು ಕಣೇ, ಇನ್ನೊಂದು ಸಲ ಹೇಳಿ ಅನ್ಬೇಕು. ಅದರಲ್ಲೇನು ನಾಚಿಕೆ?"

ಅದರಲ್ಲೇನು ನಾಚಿಕೆಯಂತೆ! ಎಂಟು ವರ್ಷದಿಂದ ಗಂಟಲು ಹರಿದುಕೊಂಡ ಸೊಸೆ ನಾನು, ನನ್ನ ಎದುರಿಗೇ ಈ ಮಾತು. ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ಎದ್ದು ಹೋಗಿ ಅವರ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.

ಅಜ್ಜಿ ಎದ್ದ ಮೇಲೆ ಮೊಮ್ಮಗಳು ತಾನಾಗಿ ಆ ಕುರ್ಚಿಗೆ ಹತ್ತಿದಳು. ಕಿವಿಮುಚ್ಚಳ ಹಾಕಿಸಿಕೊಂಡಳು. ಒಂದು ಬೀಜ ಬಿತ್ತು, ಇನ್ನೊಂದು ಬಿತ್ತು, ಆಮೇಲೆ ಬೀಳಲಿಲ್ಲ. ಮೋಸ ಮಾಡಲಿಲ್ಲ. ಹುಡುಗಿ ಕಾಗದ ಬರೆದಳು. ಎರಡು ಕಿವಿಯೂ ಮಂದ, ಮೆಲ್ಲಗಿನ ಸದ್ದು, ಗಂಟೆಯಂಥ ತೆಳ್ಳನೆಯ ಸದ್ದು ಕೇಳಿಸುವುದಿಲ್ಲ. ‘ಸ’ ಬಾರದಿರುವುದು ಅದಕ್ಕೇ. ಕಿವಿಗೆ ಯಂತ್ರ ಬೇಕು, ವಾರಕ್ಕೆ ಎರಡು ದಿನ ಮಾತಿನ ಪಾಠ ಬೇಕು. ಬುದ್ಧಿ ಬಹಳ ಚುರುಕು. ಮುಂದಿನ ಬೆಂಚಿನಲ್ಲಿ ಕೂರಿಸಿ, ಮುಖ ಕಾಣುವಂತೆ ಮಾತಾಡಿದರೆ ಎಲ್ಲರಂತೆ ಓದುತ್ತಾಳೆ. ಬಜೆ ಬೇರಿನ ವಿಷಯ ಕೇಳಿದೆ. "ಜೇನುತುಪ್ಪ ಚೆನ್ನಾಗಿರುತ್ತದೆ, ಕೊಡಿ" ಎಂದು ನಕ್ಕಳು.

ಶನಿವಾರ ಮೂವರೂ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಕಾಗದವನ್ನು ಎರಡು ಸಲ ಓದಿದರು. ಅವರ ಮುಖದ ಮೇಲೆ ಗೆಲುವು ಕಾಣಲಿಲ್ಲ.

"ಬುದ್ಧಿ ಇದೆ, ನಂಬಿದೆ. ಮುಂದೆ ಕೂರಿಸ್ಕೊಳ್ಳೋದೂ ಕಷ್ಟ ಅಲ್ಲ. ಆದರೆ ನಲವತ್ತು ಮಕ್ಕಳು ಕಣಮ್ಮ ಒಂದು ಕ್ಲಾಸಲ್ಲಿ. ಬೋರ್ಡಿನ ಕಡೆ ತಿರುಗಿ ಬರೀತಾ ಏನೋ ಹೇಳಿರ್ತೀವಿ. ಇವಳು ಪಕ್ಕದವರನ್ನ ನೋಡಿ ಅವರು ಮಾಡಿದ ಹಾಗೇ ಮಾಡಿಬಿಟ್ರೆ, ಕೇಳಿಸಿಲ್ಲ ಅಂತ ನಮಗೆ ಹೇಗೆ ಗೊತ್ತಾಗತ್ತೆ? ವರ್ಷವೆಲ್ಲ ಹಾಗೇ ಕಳೆದುಹೋದರೆ ಮಗೂಗೇ ಅನ್ಯಾಯ ಅಲ್ವೇ?"

ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಕೆ ನಿಟ್ಟುಸಿರು ಬಿಟ್ಟು ರಿಜಿಸ್ಟರು ತೆರೆದು, ಎಂದಿನ ಅಭ್ಯಾಸದಂತೆ ತಲೆ ಬಗ್ಗಿಸಿಕೊಂಡೇ, ಮಗಳನ್ನು ಏನೋ ಕೇಳಿದರು. ಪಕ್ಕದಲ್ಲೇ ನಿಂತಿದ್ದ ನನಗೇ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಮಗಳು ಸುತ್ತ ನೋಡಿದಳು. ನನ್ನ ಮುಖ ನೋಡಿದಳು. ನಾನು ತುಟಿ ಕಚ್ಚಿ ನಿಂತಿದ್ದೆ, ಅಲ್ಲಿ ಓದಲು ಏನೂ ಇರಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ಮೇಜಿನ ಅಂಚು ಹಿಡಿದು, ನಮ್ಮ ಮನೆಯ ದನಿಯಲ್ಲಿ, ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಹೇಳಿದಳು.

"ನಂಗೆ ಕೇಳಿಲಿಲ್ಲ ಮೇಡಂ! ಇನ್ನೊಂದು ಅಲ ಹೇಳಿ!"

‘ಸ’ ಎಲ್ಲ ಬಿದ್ದುಹೋಗಿತ್ತು. ಆದರೂ ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ತಲೆ ಎತ್ತಿದರು. ಕನ್ನಡಕ ತೆಗೆದರು. ಮೇಜಿನ ಮೇಲೆ ಬಾಗಿ, ಅವಳ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಕೇಳಿದರು, "ನಿನ್ನ ಹೆಸರೇನಮ್ಮ?"

ಮಗಳು ಹೇಳಿದಳು. ಆಕೆ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಬರೆಯತೊಡಗಿದರು.

ಅತ್ತೆ ನನ್ನ ಸೆರಗು ಜಗ್ಗಿದರು. "ಏನಂತೆ? ಏನಂದ್ರೇ? ನನಗೆ ಕೇಳಿಸ್ಲಿಲ್ಲ."

ಹೇಳಲು ಬಾಯಿ ತೆರೆದೆ. ಎಂಟು ವರ್ಷದಲ್ಲಿ ಮೊದಲ ಸಲ ನನಗೆ ದನಿಯೇ ಹೊರಡಲಿಲ್ಲ. ಮಗಳೇ ಓಡಿ ಬಂದು, ಅಜ್ಜಿಯ ಎರಡು ಕೆನ್ನೆಯನ್ನೂ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೂಗಿದಳು.

"ನನ್ ಹೆರು ಬರ್ಕೊಂಡ್ರು ಅಜ್ಜೀ!"